ಅಮಾವಾಸ್ಯೆಯ ಬಾಲವಾಡಿ

ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು, ಚಂದ ಕಾಣುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅವಳ ಬಹಳಷ್ಟು ಮಾತು ಕೇಳಿದ್ದೇನೆ, ಇದೊಂದನ್ನು ಕೇಳುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಡೊಂಬಿವಲಿಯ ಒಂದು ಚಾಳಿನಿಂದ ಹೊರಟು ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು ನಾನು. ರಬಾಳೆಯ ಕಲ್ಲುಗಣಿಯ ಪಕ್ಕದಲ್ಲಿ ಒಂದು ಬಾಲವಾಡಿ ಶುರುಮಾಡಿದೆ, ಅದೂ ಅಮಾವಾಸ್ಯೆಯ ದಿನ. ನೆನೆಸಿಕೊಂಡರೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಅಪ್ಪ ಕಲ್ಯಾಣ ಸ್ಟೇಷನ್ನಿನ ಎದುರು ಸಣ್ಣದೊಂದು ಹೊಟೇಲು ನಡೆಸುತ್ತಿದ್ದರು. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಬಂದವರು, ತಟ್ಟೆ ತೊಳೆಯುವುದರಿಂದ ಹಿಡಿದು ಗಲ್ಲಾಪೆಟ್ಟಿಗೆಯವರೆಗೆ ಎಲ್ಲ ಕಂಡವರು. ಮಗಳು ಬಿ.ಎ. ಪಾಸಾದಳು ಎಂದು ಗಿರಾಕಿಗಳಿಗೆ ಹೇಳುವಾಗ ಅವರ ದನಿ ಏರುತ್ತಿತ್ತು. ಮುಂದೆ ಸಮಾಜಕಾರ್ಯ ಓದುತ್ತೇನೆ ಎಂದಾಗ ಅದೇ ದನಿ ಇಳಿಯಿತು. ಮನೆಯಲ್ಲಿ ನಮ್ಮದು ತುಳು. ಆದರೆ ಗಂಭೀರ ವಿಷಯ ಬಂದಾಗ ಅಪ್ಪ ಕನ್ನಡಕ್ಕೆ ಹೊರಳುತ್ತಿದ್ದರು.

"ಸೇವೆ ಮಾಡ್ಲಿಕ್ಕೆ ಕಾಲೇಜು ಯಾಕೆ ಮಾರಾಯ್ತಿ? ನಾನು ಇಷ್ಟು ವರ್ಷ ಜನರಿಗೆ ತಿಂಡಿ ಕೊಡ್ತಾ ಇಲ್ವಾ? ನನಗೆ ಯಾವ ಡಿಗ್ರಿ ಉಂಟು?"

"ಅದು ಸೇವೆ ಅಲ್ಲ ಅಪ್ಪ, ಕಾರ್ಯ," ಎಂದೆ ನಾನು. ಎರಡಕ್ಕೂ ಏನು ವ್ಯತ್ಯಾಸ ಎಂದು ಅವರು ಕೇಳಲಿಲ್ಲ, ಪುಣ್ಯ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಒಂದು ವರ್ಷ ನೋಡುವುದು. ಪಾಸಾದರೆ ಎರಡನೆಯ ವರ್ಷ. ಫೇಲಾದರೆ ಬ್ಯಾಂಕಿನ ಪರೀಕ್ಷೆ, ಅದೂ ಆಗದಿದ್ದರೆ ಮದುವೆ. ಪರೀಕ್ಷೆಯ ಹೆದರಿಕೆ ನನಗಿರಲಿಲ್ಲ, ಓದಿನಲ್ಲಿ ನಾನು ಹಿಂದೆ ಬಿದ್ದವಳಲ್ಲ. ಕಾಲೇಜು ಸೇರಿದ ಮೇಲೆ ತಿಳಿಯಿತು: ಇಲ್ಲಿ ಪುಸ್ತಕದ ಪರೀಕ್ಷೆ ಎಷ್ಟು ಚೆನ್ನಾಗಿ ಬರೆದರೂ ಫೀಲ್ಡ್‌ವರ್ಕಿನಲ್ಲಿ ಫೇಲಾದರೆ ವರ್ಷವೇ ಹೋಯಿತು. ವಾರದಲ್ಲಿ ಎರಡು ದಿನ ಊರಿನೊಳಗೆ ಹೋಗಿ ಕೆಲಸ ಮಾಡಬೇಕು, ಮಾಡಿದ್ದನ್ನೆಲ್ಲ ಬರೆದು ನಮ್ಮ ಮೇಡಂಗೆ ಒಪ್ಪಿಸಬೇಕು.

ಮೇಡಂ ಪುಣೆ ಕಡೆಯವರು. ಗಂಜಿ ಹಾಕಿದ ಹತ್ತಿಸೀರೆ, ದೊಡ್ಡ ಕನ್ನಡಕ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮರಾಠಿಯಲ್ಲಿ. ಮೊದಲನೆಯ ವಾರವೇ ಅವರು ಎಲ್ಲರಿಗೂ ಒಂದೊಂದು ಜಾಗ ಹಂಚಿದರು. ಗೆಳತಿಯರಿಗೆ ಆಸ್ಪತ್ರೆ, ಶಾಲೆ, ರಿಮಾಂಡ್ ಹೋಮ್ ಸಿಕ್ಕಿದವು. ನನ್ನತ್ತ ನೋಡಿ ಕೇಳಿದರು, "ನಿನಗೆ ಕನ್ನಡ ಬರುತ್ತದಲ್ಲ?"

ಆ ಕಾಲೇಜಿನಲ್ಲಿ ನನ್ನ ಇಂಗ್ಲಿಷ್ ಸಾಲದು, ಮರಾಠಿ ಅಷ್ಟಕ್ಕಷ್ಟೆ ಎನ್ನಿಸಿಕೊಂಡು ಮುದುಡಿಕೊಂಡಿದ್ದವಳು ನಾನು. ಬರುತ್ತದೆ ಎಂದು ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದೆ. ಹಾಗೆ ನನಗೆ ರಬಾಳೆ ಸಿಕ್ಕಿತು.

ಆಗ ಅಲ್ಲಿಗೆ ರೈಲಿರಲಿಲ್ಲ. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಮುಂಬ್ರಾದ ಗುಡ್ಡ ಒಂದು ಕಡೆ, ಖಾಡಿ ಎಂಬ ಕಡಲ ಹಿನ್ನೀರು ಇನ್ನೊಂದು ಕಡೆ. ಠಾಣೆಯಿಂದ ಬೇಲಾಪುರ ರಸ್ತೆಯ ಬಸ್ಸು. ಐರೋಲಿ ದಾಟುವವರೆಗೂ ಫ್ಯಾಕ್ಟರಿಗಳ ವಾಸನೆ, ಒಂದೊಂದು ಗೇಟಿಗೆ ಒಂದೊಂದು ಬಗೆ. ಇಳಿದು ಗುಡ್ಡದ ಕಡೆ ನಡೆದರೆ ಕಲ್ಲುಗಣಿ, ಅದರ ಬುಡದಲ್ಲಿ ಬಿಳಿ ಧೂಳು ಮೆತ್ತಿಕೊಂಡ ಗುಡಿಸಲುಗಳು. ವಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯವರು. ಗಂಡಸರು ಕಲ್ಲು ಕೀಳುವುದು, ಹೆಂಗಸರು ಅದನ್ನು ಒಡೆದು ಖಡಿಜಲ್ಲಿ ಮಾಡಿ ಬುಟ್ಟಿಯಲ್ಲಿ ಹೊತ್ತು ಲಾರಿಗೆ ಹಾಕುವುದು. ಕೂಸುಗಳು ಅಲ್ಲೇ ಪಕ್ಕದಲ್ಲಿ.

ನನ್ನ ಕೆಲಸ ಸ್ಪಷ್ಟವಾಗಿತ್ತು. ಒಂದು ಸಂಸ್ಥೆಯವರು ಗುಡಿಸಲುಗಳ ಹತ್ತಿರ ತಗಡಿನ ಮಾಡಿನ ಒಂದು ಕೋಣೆ ಕಟ್ಟಿಸಿದ್ದರು, ಒಬ್ಬ ಟೀಚರನ್ನೂ ಗೊತ್ತುಮಾಡಿದ್ದರು. ವರ್ಷ ಮುಗಿಯುವುದರೊಳಗೆ ಬಾಲವಾಡಿ ನಡೆಯಬೇಕು. ಮಕ್ಕಳು ಬಾರದಿದ್ದರೆ ಕೋಣೆಗೆ ಬೀಗ ಬೀಳುತ್ತದೆ, ನನಗೂ ಫೀಲ್ಡ್‌ವರ್ಕಿನಲ್ಲಿ ಸೊನ್ನೆ.

ಇದೇನು ಮಹಾ ಎಂದುಕೊಂಡಿದ್ದೆ. ಅಲ್ಲಿ ಹೋದಮೇಲೆ ಗೊತ್ತಾಯಿತು.

ಹಗಲು ಹೋದರೆ ಗುಡಿಸಲುಗಳೆಲ್ಲ ಖಾಲಿ. ಗಣಿಗೆ ಹೋದರೆ ಸುತ್ತಿಗೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ, ಕೂಲಿಯವರ ಮೇಲ್ವಿಚಾರಕ ಮುಕಾದಮ ಬೇರೆ ದುರುಗುಟ್ಟುತ್ತಿದ್ದ. ನನ್ನ ಪುಸ್ತಕದ ಕನ್ನಡ ಕೇಳಿದರೆ ಹೆಂಗಸರಿಗೆ ನಗು. "ಅಕ್ಕೋರು ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾರ ನೋಡ್ರೆವ್ವಾ," ಎಂದು ಒಬ್ಬಳು ಹೇಳಿದರೆ ಉಳಿದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಅವರಿಗೆ ತಮಾಷೆಯಾಗಿದ್ದು ನನ್ನ ವಿದ್ಯೆ. ಯಾರಿಗೂ ಉಪದೇಶ ಮಾಡಬಾರದು, ಅವರ ಪ್ರಶ್ನೆಯನ್ನು ಅವರಿಗೇ ತಿರುಗಿಸಿ ಯೋಚಿಸುವಂತೆ ಮಾಡಬೇಕು ಎಂದು ಕಾಲೇಜಿನಲ್ಲಿ ತಲೆಗೆ ತುಂಬಿದ್ದರು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ.

ಅವರಲ್ಲಿ ಒಬ್ಬಳು ನನಗಿಂತಲೂ ಚಿಕ್ಕವಳು, ವಿಜಾಪುರದ ಕಡೆಯವಳು, ಹಣೆ ತುಂಬ ಕುಂಕುಮ. ಅವಳಿಗೆ ಆಗಷ್ಟೇ ಓಡಲು ಕಲಿತ ಮಗಳಿದ್ದಳು. ಗಣಿಯ ಅಂಚಿನಲ್ಲಿ ಒಂದು ಜಾಲಿ ಗಿಡ. ಹಳೆ ಸೀರೆಯಿಂದ ಹರಿದ ಹಸಿರು ಪಟ್ಟಿಯ ಒಂದು ತುದಿ ಗಿಡಕ್ಕೆ, ಇನ್ನೊಂದು ತುದಿ ಮಗುವಿನ ಸೊಂಟಕ್ಕೆ. ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸುವ ಮೊದಲು ಮುಕಾದಮ ಸೀಟಿ ಊದುತ್ತಿದ್ದ. ಎಲ್ಲರೂ ಕೆಲಸ ಬಿಟ್ಟು ದೂರ ಓಡಬೇಕು. ಆ ಹುಡುಗಿ ಮಾತ್ರ ಮೊದಲು ಗಿಡದ ಕಡೆ ಓಡಿ, ಗಂಟು ಬಿಚ್ಚಿ, ಮಗುವನ್ನು ಎತ್ತಿಕೊಂಡು ಆಮೇಲೆ ದೂರ ಓಡುತ್ತಿದ್ದಳು. ಗಂಟು ಬೇಗ ಬಿಚ್ಚದ ದಿನ ನಾನು ದೂರದಿಂದಲೇ ಬೇಗ, ಬೇಗ ಎಂದು ಕೂಗುತ್ತಿದ್ದೆ.

ಒಂದು ದಿನ ನೀರು ಕುಡಿಯುವ ಹೊತ್ತಿನಲ್ಲಿ ಅವಳೇ ಕೇಳಿದಳು, "ಅಕ್ಕೋರ, ಆ ಖೋಲ್ಯಾಗ ಕೂಸಿನ್ನ ಬಿಟ್ರ ಛಲೋನೊ ಹೆಂಗ?"

ಬಿಡು ತಾಯಿ, ಇವತ್ತೇ ಬಿಡು ಎಂದು ಕಿರುಚಬೇಕು ಎನ್ನಿಸಿತು. ಆದರೆ ವಿದ್ಯೆ ಅಡ್ಡ ಬಂತು. "ನಿಮಗೇನು ಅನ್ನಿಸುತ್ತದೆ?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾ ನಿಮ್ಮನ್ನ ಕೇಳಿದ್ರ ನೀವು ತಿರುಗಿ ನನ್ನ ಕೇಳ್ತೀರಲ್ರೀ. ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲನ್ರಿ, ನಾಚಿಕಿ ಯಾಕ?"

ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಕೋಣೆಯನ್ನು ಎಲ್ಲರೂ ಸೇರಿ ನೋಡಿ, ಮಾತಾಡಿ, ಆಮೇಲೆ ತೀರ್ಮಾನಿಸೋಣ ಎಂದು ಭಾನುವಾರ ಸಭೆ ಕರೆದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಮುಂದಿನ ಭಾನುವಾರವೂ ಅದೇ ಕಥೆ. ಟೀಚರೂ ನಾನೂ ಚಾಪೆ ಹಾಸಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಹೊಟೇಲಿನವರ ಮನೆಯಲ್ಲಿ ಹುಟ್ಟಿದರೂ ಆಫೀಸಿನವರ ಚಾಳಿನಲ್ಲಿ ಬೆಳೆದವಳಿಗೆ ಭಾನುವಾರ ಎಂದರೆ ಜಗತ್ತಿಗೆಲ್ಲ ರಜೆ. ಗಣಿಗೆ ಅಂಥ ರಜೆಯೇ ಇರಲಿಲ್ಲ. ಲಾರಿ ಬಂದ ದಿನವೆಲ್ಲ ಅಲ್ಲಿ ಕೆಲಸ.

ಮೇಡಂ ನನ್ನ ಬರವಣಿಗೆ ಓದಿ ಅಂಚಿನಲ್ಲಿ ಕೆಂಪು ಶಾಯಿಯಿಂದ, ಸಭೆಗೆ ಯಾರೂ ಬಾರದಾಗ ನಿನಗೆ ಏನನ್ನಿಸಿತು ಎಂದು ಬರೆದರು. ಸಿಟ್ಟು ಬಂತು ಎಂದು ನಾನೂ ಕೆಳಗೆ ಬರೆದೆ. ಮಳೆಗಾಲ ಮುಗಿದು ದೀಪಾವಳಿ ಕಳೆದಿತ್ತು. ನನ್ನ ಎರಡನೆಯ ವರ್ಷ ಕೈಬಿಟ್ಟು ಹೋಗುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು.

ಹೀಗಿರುವಾಗ ನನ್ನ ಫೀಲ್ಡ್‌ವರ್ಕಿನ ದಿನಕ್ಕೆ ಸರಿಯಾಗಿ ಒಂದು ಅಮಾವಾಸ್ಯೆ ಬಂತು. ನನಗೆ ಅದರ ನೆನಪೂ ಇರಲಿಲ್ಲ. ಬಸ್ಸಿಳಿದು ನಡೆದರೆ ಏನೋ ಬದಲಾದಂತೆ ಅನ್ನಿಸಿತು. ಸುತ್ತಿಗೆಯ ಸದ್ದೇ ಇಲ್ಲ. ಗುಡಿಸಲುಗಳ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಹೆಂಗಸರು ಎರೆದುಕೊಂಡು ಕೂದಲು ಹರಡಿಕೊಂಡು ಬಿಸಿಲಿಗೆ ಕೂತಿದ್ದರು, ಎಲ್ಲರೂ, ಒಬ್ಬರೂ ಬಿಡದೆ. ಗಣಿಯ ಬಾಯಲ್ಲಿ ಸುತ್ತಿಗೆ, ಉಳಿ, ಹಾರೆಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಮುಕಾದಮನೂ ಹೊಸ ಪಂಚೆ ಉಟ್ಟು ನಿಂತಿದ್ದ.

"ಇವತ್ತು ಕೆಲಸ ಇಲ್ವಾ?" ಎಂದೆ.

"ಅಮಾಸಿ ಅಲ್ಲೇನ್ರಿ," ಎಂದಳು ವಿಜಾಪುರದ ಹುಡುಗಿ, ಕೂದಲು ಒದರುತ್ತ. "ಅಮಾಸಿ ದಿನಾ ಹತ್ಯಾರ ಮುಟ್ಟಂಗಿಲ್ರಿ. ಸೇಠ ಬಂದು ಹೊಯ್ಕೊಂಡ್ರೂ ಮುಟ್ಟಂಗಿಲ್ಲ."

ಅವಳ ಮಗಳು ಅಂಗಳದಲ್ಲಿ ಯಾವ ಕಟ್ಟೂ ಇಲ್ಲದೆ ಕೋಳಿಮರಿಯ ಹಿಂದೆ ಓಡುತ್ತಿದ್ದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಇಷ್ಟು ತಿಂಗಳು ಹುಡುಕುತ್ತಿದ್ದ ರಜೆಯ ದಿನ ಪಂಚಾಂಗದಲ್ಲಿ ಕೂತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡೆ. ಮುಂದಿನ ಅಮಾವಾಸ್ಯೆಗೆ ಬಾಲವಾಡಿ ತೆರೆಯುತ್ತೇವೆ, ಎಲ್ಲರೂ ಬನ್ನಿ ಎಂದು ಅಂಗಳ ಅಂಗಳಕ್ಕೂ ಹೋಗಿ ಹೇಳಿದೆ. ಯಾರೂ ನಗಲಿಲ್ಲ. ದೇವರ ದಿನ, ಛಲೋ ಆತು ಎಂದರು.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಮನೆಯಲ್ಲಿ ಅಮ್ಮ ಸೌಟು ಕೆಳಗಿಟ್ಟು, "ನಿನಗೆ ತಲೆ ಸರಿ ಉಂಟಾ? ಅಮಾಸೆಗೆ ಯಾರಾದರೂ ಹೊಸ ಕೆಲಸ ಶುರು ಮಾಡ್ತಾರಾ?" ಎಂದಳು. ಅಪ್ಪ ಪಂಚಾಂಗ ತೆರೆದು ನೋಡಿ ಮುಚ್ಚಿಟ್ಟರು. ಅಮಾವಾಸ್ಯೆಯ ದಿನ ಹೊಟೇಲಿಗೆ ಒಂದು ಹೊಸ ಲೋಟವನ್ನೂ ಕೊಳ್ಳದ ಮನುಷ್ಯ ಅವರು, ಹಾಗೆ ಮುಚ್ಚಿದ್ದರ ಅರ್ಥ ನನಗೆ ಗೊತ್ತಿತ್ತು.

ಅವರನ್ನಾದರೂ ಬಿಡಿ, ಮೇಡಂ ಕೂಡ ಮುಖ ಸಿಂಡರಿಸಿದರು. "ಅವಸ್?" ಎಂದರು, ಮರಾಠಿಯಲ್ಲಿ ಅಮಾವಾಸ್ಯೆ ಎನ್ನಲು. "ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೂ, ಉದ್ಘಾಟನೆಗೆ ಬೇರೆ ದಿನ ಸಿಗಲಿಲ್ಲವಾ?"

ನಂಬಿಕೆ ಇಲ್ಲದಿದ್ದರೆ ಆದರೂ ಎಂಬ ಮಾತೇಕೆ? ನನಗೆ ರೇಗಿತು. "ಮೇಡಂ, ಜನ ಎಲ್ಲಿದ್ದಾರೋ ಅಲ್ಲಿಂದಲೇ ಕೆಲಸ ಶುರುಮಾಡಬೇಕು ಅಂತ ಮೊದಲನೆಯ ದಿನ ನೀವೇ ಬೋರ್ಡಿನ ಮೇಲೆ ಬರೆದಿದ್ದಿರಿ. ನನ್ನ ಜನ ಮನೆಯಲ್ಲಿರುವುದು ಅಮಾವಾಸ್ಯೆಗೆ ಮಾತ್ರ," ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಹಾಗೆ ಅವರೆದುರು ಮಾತಾಡಿದವರು ನಮ್ಮ ಬ್ಯಾಚಿನಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆಗಲಿ, ನೋಡೋಣ ಎಂದರು.

ಅಮಾವಾಸ್ಯೆ ಬಂತು. ಟೀಚರೂ ನಾನೂ ಬಾಗಿಲಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದಾಗ ಬಸ್‌ಸ್ಟಾಪಿನ ಕಡೆಯಿಂದ ಒಬ್ಬರು ಧೂಳಿನಲ್ಲಿ ನಡೆದು ಬರುತ್ತಿರುವುದು ಕಂಡಿತು. ಬಿಳಿ ಪಂಚೆ, ಬಿಳಿ ಅಂಗಿ, ತಲೆಯ ಮೇಲೆ ದೊಡ್ಡ ಡಬರಿ, ಕೈಯಲ್ಲಿ ಬಾಳೆಲೆಯ ಕಟ್ಟು. ಹತ್ತಿರ ಬಂದಾಗ ನೋಡಿದರೆ ಅಪ್ಪ. ಹೊಟೇಲಿನಲ್ಲಿ ಮುಂಜಾನೆ ತಾವೇ ಸಜ್ಜಿಗೆ ಮಾಡಿಸಿ, ಬಟ್ಟೆ ಸುತ್ತಿ ಬಿಗಿದು, ಕಲ್ಯಾಣದಿಂದ ಲೋಕಲಿನಲ್ಲಿ, ಬಸ್ಸಿನಲ್ಲಿ ತಂದಿದ್ದರು.

"ಅಪ್ಪ, ಅಮಾಸೆ ಅಲ್ವಾ?" ಎಂದೆ.

"ನಮಗೆ ಅಮಾಸೆ. ಅವರಿಗೆ ಹಬ್ಬ ಅಲ್ವಾ?" ಎಂದು ಅವರು ಡಬರಿ ಇಳಿಸಿದರು. "ಹಬ್ಬಕ್ಕೆ ಬಂದವರು ಬರೀ ಬಾಯಲ್ಲಿ ಹೋಗಬಾರದು. ಎಲೆ ಹಾಕು."

ಹೆಂಗಸರೆಲ್ಲ ಬಂದರು, ಮಕ್ಕಳನ್ನು ಎತ್ತಿಕೊಂಡು, ಹೊಸ ಕುಪ್ಪಸ ತೊಟ್ಟು. ಕೋಣೆಯೊಳಗೆ ಹೋಗಿ ಗೋಡೆ ತಟ್ಟಿ ನೋಡಿದರು, ತಗಡು ನೋಡಿದರು, ಬಾಗಿಲಿನ ಚಿಲಕ ಹಾಕಿ ತೆಗೆದರು. ಅಪ್ಪ ಮೊಣಕಾಲೂರಿ ಕೂತು ಒಂದೊಂದು ಮಗುವಿಗೂ ತಮ್ಮ ಕೈಯಾರೆ ಸಜ್ಜಿಗೆ ಬಡಿಸಿದರು. ವಿಜಾಪುರದ ಹುಡುಗಿ ಮತ್ತೆ ಕೇಳಿದಳು, "ಅಕ್ಕೋರ, ಈಗರ ಹೇಳ್ರಿ. ಬಿಡ್ಲ್ಯಾ ಬ್ಯಾಡಾ?"

"ಬಿಡು," ಎಂದೆ. "ನನ್ನ ಮಗಳಾಗಿದ್ದರೆ ನಾನು ಬಿಡುತ್ತಿದ್ದೆ."

ಅವಳು ತಲೆಯಾಡಿಸಿದಳು, ಅಷ್ಟೆ. ನಿಜವಾದ ಪರೀಕ್ಷೆ ಆ ದಿನದ್ದಲ್ಲ ಎಂದು ನನಗೆ ಗೊತ್ತಿತ್ತು. ಹಬ್ಬದ ದಿನ ಯಾರಾದರೂ ಬರುತ್ತಾರೆ. ಮಾರನೆಯ ದಿನ ಸುತ್ತಿಗೆ ಎತ್ತಿಕೊಂಡ ಮೇಲೆ ಮಕ್ಕಳು ಯಾವ ಕಡೆ ಹೋಗುತ್ತಾರೆ?

ಮಾರನೆಯ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಬೆಳಿಗ್ಗೆಯೇ ರಬಾಳೆಗೆ ಹೋದೆ. ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಕಂಕುಳಲ್ಲಿ ಮಗಳು, ಹೆಗಲ ಮೇಲೆ ಆ ಹಸಿರು ಪಟ್ಟಿ. ಒಳಗೆ ಬಂದು ಮಗುವನ್ನು ಚಾಪೆಯ ಮೇಲೆ ಕೂರಿಸಿದಳು. ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದಳು, ಇನ್ನೊಂದನ್ನು ಮಗಳ ಸೊಂಟಕ್ಕೆ. ಗಂಟು ಎಳೆದು ನೋಡಿ, ನನ್ನನ್ನೂ ಒಮ್ಮೆ ನೋಡಿ, ಗಣಿಗೆ ಹೋದಳು. ಅವಳ ಹಿಂದೆ ಇನ್ನೂ ಕೆಲವರು ಮಕ್ಕಳನ್ನು ಬಿಟ್ಟುಹೋದರು.

ಟೀಚರು ರಬಾಳೆ ಊರಿನ ಮರಾಠಿ ಹೆಂಗಸು, ಒಳ್ಳೆಯವರು. ಅವರಿಗೆ ಇದನ್ನು ನೋಡಲಾಗಲಿಲ್ಲ, ಬಿಚ್ಚಲು ಹೋದರು. ನಾನು ಕೈ ಹಿಡಿದು ತಡೆದೆ. ಪಟ್ಟಿ ಉದ್ದವಾಗಿತ್ತು, ಮಗು ಅದರ ಅಳತೆಯಲ್ಲಿ ಕೋಣೆಯೆಲ್ಲ ಸುತ್ತಾಡಿಕೊಂಡು ಬೇರೆ ಮಕ್ಕಳ ಜೊತೆ ಆಡುತ್ತಿತ್ತು. ಹಗಲೆಲ್ಲ ನಮ್ಮಿಬ್ಬರಲ್ಲಿ ಒಬ್ಬರ ಕಣ್ಣು ಅದರ ಮೇಲೆಯೇ ಇರುತ್ತಿತ್ತು. ದಿನವೂ ಹೀಗೇ ನಡೆಯಿತು: ಬೆಳಿಗ್ಗೆ ಕಟ್ಟುವುದು, ಸಂಜೆ ಬಿಚ್ಚುವುದು.

ಮೇಡಂ ಬಂದದ್ದು ಅಂಥ ಒಂದು ದಿನ. ನನ್ನ ಅಂಕ ಅವತ್ತಿನ ಭೇಟಿಯ ಮೇಲೆ ನಿಂತಿತ್ತು. ಹೂಗಳು ಒಣಗಿದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಕ್ಕಳು ಮರಾಠಿ ಪದ್ಯ ಹೇಳುವುದನ್ನು ಕೇಳಿ ಮುಗುಳ್ನಕ್ಕರು. ಆಮೇಲೆ ಕಿಟಕಿಯ ಕಡೆ ನೋಡಿದರು. ಮುಖ ಕಪ್ಪಿಟ್ಟಿತು.

"ಮಗುವನ್ನು ಕಟ್ಟಿಹಾಕಿದ್ದೀಯಾ?" ಮಾತು ಮರಾಠಿಯಲ್ಲಿತ್ತು. "ಇದು ಬಾಲವಾಡಿಯೋ ದನದ ಕೊಟ್ಟಿಗೆಯೋ? ಬಿಚ್ಚು ಮೊದಲು."

ಅಪ್ಪನ ಒಪ್ಪಂದ, ಬ್ಯಾಂಕಿನ ಪರೀಕ್ಷೆ ಎಲ್ಲ ಕಣ್ಣ ಮುಂದೆ ಬಂದವು. ಆದರೂ ನಾನು ಕಿಟಕಿಗೆ ಅಡ್ಡ ನಿಂತೆ. "ಕಟ್ಟಿದ್ದು ನಾನಲ್ಲ ಮೇಡಂ, ಅವಳ ತಾಯಿ. ನಾವು ಬಿಚ್ಚಿದರೆ ನಾಳೆ ಇದೇ ಪಟ್ಟಿ ಜಾಲಿ ಗಿಡಕ್ಕೆ ಹೋಗುತ್ತದೆ. ಅವಳಿಗೆ ನಂಬಿಕೆ ಬಂದ ದಿನ ಅವಳೇ ಬಿಚ್ಚುತ್ತಾಳೆ."

"ಎಂದು?"

"ಗೊತ್ತಿಲ್ಲ," ಎಂದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲು ನಾಚಿಕೆ ಯಾಕೆ?

ಅಷ್ಟರಲ್ಲಿ ಗಣಿಯಲ್ಲಿ ಸೀಟಿ ಕೇಳಿಸಿತು. ಮೇಡಂ ಬಾಗಿಲಿಗೆ ಬಂದು ನೋಡಿದರು. ಹೆಂಗಸರು ಬುಟ್ಟಿ ಬಿಸಾಕಿ ಓಡುತ್ತಿದ್ದರು. ಆ ಹುಡುಗಿ ಹಳೆಯ ಅಭ್ಯಾಸದಿಂದ ಜಾಲಿ ಗಿಡದ ಕಡೆಗೇ ಓಡಿದಳು, ಅರ್ಧಕ್ಕೆ ನಿಂತಳು, ತಿರುಗಿ ಉಳಿದವರ ಜೊತೆ ದೂರ ಓಡಿದಳು. ಸುರಂಗ ಹಾರಿತು. ಒಂದು ಕಲ್ಲು ಬಂದು ಆ ಗಿಡದ ಕೊಂಬೆ ಮುರಿದು ಬುಡದಲ್ಲಿ ಬಿತ್ತು, ಮಗು ಕೂರುತ್ತಿದ್ದ ಜಾಗದಲ್ಲಿ.

ಧೂಳು ಇಳಿಯುವುದನ್ನೂ ಕಾಯದೆ ಅವಳು ಬಾಲವಾಡಿಗೆ ಓಡಿಬಂದಳು. ಮೇಡಂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮಗಳು ಕಿಟಕಿಯ ಕೆಳಗೆ ಕೂತು ಇನ್ನೊಂದು ಮಗುವಿನ ತಲೆಯ ಮೇಲೆ ಬಟ್ಟಲು ಇಟ್ಟು ಆಡುತ್ತಿದ್ದಳು, ತಾಯಿಯನ್ನು ನೋಡಿ ಎದ್ದೂ ಬರಲಿಲ್ಲ. ತಾಯಿ ಏದುಸಿರು ಬಿಡುತ್ತ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಬಗ್ಗಿ ಮಗಳ ಸೊಂಟದ ಗಂಟು ಬಿಚ್ಚಿದಳು, ಸರಳಿನ ಗಂಟೂ ಬಿಚ್ಚಿದಳು. ಮಗಳನ್ನು ಎತ್ತಿಕೊಳ್ಳಲಿಲ್ಲ.

"ಕುಂಡರ್ಲಿ ಬಿಡ್ರಿ ಇಲ್ಲೇ," ಎಂದಳು ನನಗೆ.

ಮೇಡಂಗೆ ಕನ್ನಡ ಬರುತ್ತಿರಲಿಲ್ಲ. ಏನೆಂದಳು ಎಂದು ಕೇಳಲೂ ಇಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಲೇ ಇದ್ದರು. ನಾನು ಆ ವರ್ಷ ಪಾಸಾದೆ, ಮುಂದಿನ ವರ್ಷವೂ. ಕಲ್ಯಾಣದ ಹೊಟೇಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅಪ್ಪನ ದನಿ ಮತ್ತೆ ಏರಿತು. ಸೇವೆ ಅಲ್ಲ ಮಾರಾಯ್ರೆ, ಕಾರ್ಯ, ಅದಕ್ಕೆ ಕಲಿಯಬೇಕಾಗ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆದರೆ ನನ್ನ ಡಿಗ್ರಿ ನನಗೆ ಸಿಕ್ಕಿದ್ದು ಆ ಮಧ್ಯಾಹ್ನವೇ. ವಿಜಾಪುರದ ಹುಡುಗಿ ಆ ಹಸಿರು ಪಟ್ಟಿಯನ್ನು ಕೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿಕೊಂಡಳು, ತಲೆಯ ಮೇಲೆ ಇಟ್ಟುಕೊಂಡಳು. ಹಿಂದೆ ತಿರುಗಿ ನೋಡದೆ ಗಣಿಗೆ ನಡೆದು, ಆ ಸಿಂಬಿಯ ಮೇಲೆ ಖಡಿಯ ಬುಟ್ಟಿ ಹೊತ್ತಳು.